ಹೊಸಬರಿಗೆ ಪಿಂಗಾಣಿ ಕಪ್ಪು

ಹೊಸ ಮನುಷ್ಯನನ್ನು ಆಟಕ್ಕೆ ಸೇರಿಸಿಕೊಳ್ಳುವುದು ಹೆಣ್ಣು ನೋಡಲು ಹೋಗುವುದಕ್ಕಿಂತ ಕಷ್ಟದ ಕೆಲಸ. ಹೆಣ್ಣು ನೋಡಲು ಹೋದಾಗ ಏನು ಕೇಳಬೇಕು, ಏನು ಕೇಳಬಾರದು ಎಂದು ಹಿರಿಯರು ಮೊದಲೇ ಹೇಳಿಕೊಟ್ಟಿರುತ್ತಾರೆ. ಉಪ್ಪಿಟ್ಟು ತಿಂದು ಸುಮ್ಮನೆ ಕೂತರೂ ನಡೆದುಹೋಗುತ್ತದೆ. ಆಟದ ಬಯಲಿಗೆ ಬಂದವನ ಮುಂದೆ ಹಾಗಾಗುವುದಿಲ್ಲ. ಅವನು ಬ್ಯಾಟು ಹಿಡಿದು ನಿಂತಿರುತ್ತಾನೆ. ನೀವು ಬಾಯಿ ತೆರೆಯಲೇಬೇಕು. ತೆರೆದ ಬಾಯಿಂದ ಏನು ಬೀಳುತ್ತದೋ ದೇವರೇ ಬಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ, ಗಡಿಯಾಚೆ ಆಂಧ್ರಕ್ಕೆ ಸೇರಿದ ಆದವಾನಿಯಲ್ಲಿ, ಹತ್ತಿ ಬಿಡಿಸುವ ಒಂದು ಜಿನ್ನಿನ ಹಿಂದಿದ್ದ ಬಯಲಿನಲ್ಲಿ, ಈ ಬಾಯಿ ತೆರೆಯುವ ಕೆಲಸ ನನ್ನದಾಗಿತ್ತು.

ಆಟ ಬಾಲ್ ಬ್ಯಾಡ್ಮಿಂಟನ್. ಈಗಿನವರಿಗೆ ಬ್ಯಾಡ್ಮಿಂಟನ್ ಎಂದರೆ ರೆಕ್ಕೆಯ ಶಟಲ್ ಕಾಕು ಕಣ್ಣ ಮುಂದೆ ಬರುತ್ತದೆ. ನಮ್ಮದು ಹಳದಿ ಉಣ್ಣೆಯ ಚೆಂಡು, ಕಟ್ಟಿಗೆಯ ಬ್ಯಾಟು, ಆ ಕಡೆ ಐದು ಜನ, ಈ ಕಡೆ ಐದು ಜನ. ನಮ್ಮ ಕಡೆ ಶಾಲೆ ಇದ್ದ ಊರಲ್ಲೆಲ್ಲ ಈ ಆಟ ಇತ್ತು. ಕಚೇರಿ ಬಿಟ್ಟ ಕೂಡಲೇ ಪ್ಯಾಂಟನ್ನು ಮೊಣಕಾಲವರೆಗೆ ಮಡಿಚಿ ಬಯಲಿಗೆ ಇಳಿಯುತ್ತಿದ್ದೆವು. ಎರೆಮಣ್ಣಿನ ಮೇಲೆ ಗರಸು ಹಾಸಿ, ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಎಳೆದು ಮಾಡಿದ ಅಂಗಳ ಅದು. ಆಟ ಶುರುವಾದ ಹತ್ತು ನಿಮಿಷಕ್ಕೆ ಗೆರೆಯ ಸುಣ್ಣವೆಲ್ಲ ನಮ್ಮ ಪಾದಕ್ಕೆ ಹತ್ತಿರುತ್ತಿತ್ತು. ಮನೆಗೆ ಹೋದರೆ ಅಮ್ಮ, ‘ಗ್ವಾಡಿ ಬಳದು ಬಂದಿಯೇನು?’ ಎಂದು ಕೇಳುತ್ತಿದ್ದಳು.

ಬಯಲು ಜಿನ್ನಿನ ಸಾಹುಕಾರರದು. ಅವರೂ ಆಡುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿಯ ಕರಡಿಗೆ, ಅದರ ಕೆಳಗೆ ಗೌರವಸ್ಥ ಹೊಟ್ಟೆ. ಹಿಂದಿನ ಸಾಲಿನಲ್ಲಿ ನಿಂತರೆ ಅರ್ಧ ಅಂಗಳ ಅವರೇ ತುಂಬುತ್ತಿದ್ದರು, ಚೆಂಡು ಮಾತ್ರ ಉಳಿದರ್ಧದಲ್ಲಿ ಬೀಳುತ್ತಿತ್ತು. ಇನ್ನೊಬ್ಬರು ಕಟ್‌ಪೀಸ್ ಬಟ್ಟೆಯಂಗಡಿಯ ಭಾಯಿ. ಅವರು ಹೊಡೆದಿದ್ದಕ್ಕಿಂತ ಕೂಗಿದ್ದೇ ಹೆಚ್ಚು. ಉಳಿದವರು ನನ್ನಂಥ ಗುಮಾಸ್ತರು, ದಲ್ಲಾಳಿ ಅಂಗಡಿಯವರು. ನಾನು ತಾಲೂಕು ಕಚೇರಿಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಅಪ್ಪ ಪೌರೋಹಿತ್ಯ ಮಾಡುತ್ತಿದ್ದುದರಿಂದ, ಇಪ್ಪತ್ನಾಲ್ಕು ವರ್ಷದ ನನ್ನನ್ನೂ ಸಾಹುಕಾರರು ‘ಆಚಾರ್ರ’ ಎಂದೇ ಕರೆಯುತ್ತಿದ್ದರು. ಚೆಂಡು ಬಿಟ್ಟಾಗಲೂ ಮರ್ಯಾದೆ ಬಿಡುತ್ತಿರಲಿಲ್ಲ: ‘ಆಚಾರ್ರ, ಕಣ್ಣು ಮನ್ಯಾಗ ಬಿಟ್ಟು ಬಂದೀರೇನು?’

ಆಟ ಮುಗಿದ ಮೇಲೆ ರಸ್ತೆಯಾಚೆಯ ಹೋಟೆಲಿನಿಂದ ತಂತಿಯ ಸ್ಟ್ಯಾಂಡಿನಲ್ಲಿ ಚಹಾ ಬರುತ್ತಿತ್ತು. ಕೊನೆಯ ಚೆಂಡು ಯಾರು ನೆಟ್ಟಿಗೆ ಹೊಡೆದಿದ್ದರೋ ಅವರೇ ಹೋಗಿ ತರಬೇಕು. ಅದೇ ಸ್ಟ್ಯಾಂಡಿನ ಗ್ಲಾಸಿನಲ್ಲಿ ನಾನು, ಭಾಯಿ, ಸಾಹುಕಾರರು, ಎಲ್ಲರೂ ಕುಡಿಯುತ್ತಿದ್ದೆವು. ಅಪ್ಪನಿಗೆ ಇದು ಗೊತ್ತಿರಲಿಲ್ಲ. ಆ ಚಹಾ ಕುಡಿದಾಗಲೆಲ್ಲ ನಾನೊಬ್ಬ ದೊಡ್ಡ ಸುಧಾರಕ ಎಂದು ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಈಗ ನೆನೆದರೆ ನಗು ಬರುತ್ತದೆ.

ಹೊಸಬರನ್ನು ಮಾತಾಡಿಸುವ ಕೆಲಸ ನನ್ನ ತಲೆಗೆ ಬಿದ್ದದ್ದು, ಒಂದೇ ವರ್ಷದಲ್ಲಿ ಮೂವರು ಹೊಸಬರು ಮುನಿಸಿಕೊಂಡು ಹೋದ ಮೇಲೆ.

ಮೊದಲನೆಯವರು ಆಲೂರಿನಿಂದ ವರ್ಗವಾಗಿ ಬಂದ ದನದ ಡಾಕ್ಟರು. ಬಂದವರನ್ನು ಸಾಹುಕಾರರು ನಮ್ಮ ಕಡೆಯ ರೂಢಿಯಂತೆ ವಿಚಾರಿಸಿದರು. ಯಾವೂರು, ಯಾರ ಪೈಕಿ, ಹೆಂಡತಿಯ ತವರು ಯಾವುದು, ಆಕೆಯ ಸೋದರಮಾವ ಯಾರು. ನಾಲ್ಕನೆಯ ಪ್ರಶ್ನೆಗೆ ಆ ಸೋದರಮಾವ, ಸಾಹುಕಾರರ ತಂಗಿಯ ಮಗಳನ್ನು ಒಪ್ಪಿ ಆಮೇಲೆ ಒಲ್ಲೆ ಎಂದ ಮನೆಯವನೆಂದು ಹೊರಬಿತ್ತು. ಡಾಕ್ಟರು ಬ್ಯಾಟನ್ನು ಬಗಲಲ್ಲಿಟ್ಟುಕೊಂಡು ಹೊರಟೇಹೋದರು. ಎರಡನೆಯವರು ಪತ್ತಿಕೊಂಡದವರು. ನಾವು ಕನ್ನಡದಲ್ಲಿ ಬರ್ರಿ ಎಂದರೆ, ‘ನಾಕು ರಾದನಿ ಕನ್ನಡಂಲೋ ಮಾಟ್ಲಾಡುತುನ್ನಾರಾ?’ ಎಂದು ಮುಖ ಗಂಟಿಕ್ಕಿದರು. ತಮಗೆ ಬಾರದೆಂದೇ ಬೇಕಂತ ಕನ್ನಡ ಆಡುತ್ತಿದ್ದೇವೆ ಎಂದು ಅವರ ಎಣಿಕೆ. ಅವರ ಪಾಠ ಕಲಿತು ಮೂರನೆಯವರಿಗೆ ತೆಲುಗಿನಲ್ಲಿ ‘ರಂಡಿ ರಂಡಿ’, ಅಂದರೆ ಬನ್ನಿ ಬನ್ನಿ, ಎಂದೆವು. ಆತ, ‘ಯಾಕ್ರಿ, ನನ್ನ ಮಾರಿ ಮ್ಯಾಲ ತೆಲುಗು ಬರದೈತೇನು?’ ಎಂದ. ಹೇಗೋ ಸಮಾಧಾನ ಮಾಡಿ ಆಟಕ್ಕಿಳಿಸಿದರೆ, ಮೊದಲ ಚೆಂಡನ್ನೇ ಆತ ಗಾಳಿಗೆ ಬೀಸಿದಾಗ ಭಾಯಿ ಪ್ರೀತಿಯಿಂದಲೇ ‘ವಾಹ್ ಉಸ್ತಾದ್!’ ಎಂದುಬಿಟ್ಟರು. ಆತನೂ ಹೋದ.

‘ಮಾತು ಬಲ್ಲವಗ ಜಗಳಿಲ್ಲ ಅಂತಾರ. ನಮ್ಮೊಳಗ ಮಾತು ಬಲ್ಲವ್ರು ಯಾರ್ರಪ?’ ಎಂದು ಸಾಹುಕಾರರು ಎಲ್ಲರ ಮುಖ ನೋಡಿದರು. ಎಲ್ಲರೂ ನನ್ನ ಮುಖ ನೋಡಿದರು. ಪುರೋಹಿತರ ಮಗನಿಗೆ ಮಾತು ಬರದಿದ್ದರೆ ಇನ್ನಾರಿಗೆ ಬರಬೇಕು?

ನಾನು ಕೆಲಸವನ್ನು ಶ್ರದ್ಧೆಯಿಂದ ಮಾಡಿದೆ. ನಿಯಮಗಳನ್ನು ಕಟ್ಟಿದೆ. ಹೊಸಬರನ್ನು ಯಾರ ಪೈಕಿ ಎಂದು ಕೇಳಕೂಡದು. ಅವರು ಬಾಯಿ ತೆರೆಯುವವರೆಗೂ ನಾವು ಬರೀ ನಗಬೇಕು, ಅವರ ಭಾಷೆ ತಿಳಿದ ಮೇಲೆ ಮಾತು. ಒಂದು ವಾರ ಭಾಯಿ ‘ವಾಹ್’ ಅನ್ನಬಾರದು. ಇವೆಲ್ಲ ಮಾಡಬಾರದ ಸಂಗತಿಗಳಾದವು. ಮಾಡಬೇಕಾದದ್ದೂ ಒಂದಿರಲಿ ಎಂದು ನನ್ನದೇ ತಲೆಯಿಂದ ಇನ್ನೊಂದು ನಿಯಮ ತೆಗೆದೆ: ಬಂದ ಮೊದಲ ದಿನ ಹೊಸಬರು ನಮ್ಮ ಅತಿಥಿ. ಅವರು ಕೈಗೆ ಮಣ್ಣು ಮಾಡಿಕೊಳ್ಳಬಾರದು. ನೀರು ಚಿಮುಕಿಸುವುದು, ಗೆರೆ ಎಳೆಯುವುದು, ನೆಟ್ಟು ಕಟ್ಟುವುದು ನಾವು ಮಾಡಬೇಕು. ನಾವು ಕೂರುವ ಬಂಡೆಯ ಮೇಲೆ ಅವರನ್ನು ಕೂರಿಸದೆ, ಬೇವಿನ ಮರದ ಕೆಳಗೆ ಸಾಹುಕಾರರ ತಂದೆಯ ಕಾಲದ ಕುರ್ಚಿ ಹಾಕಬೇಕು. ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ತರಿಸಬೇಕು. ನಮಗೆ ಹೋಟೆಲಿನ ಗ್ಲಾಸಾದರೆ ಅವರಿಗೆ ಜಿನ್ನಿನ ಕಚೇರಿಯ ಬೀರುವಿನಲ್ಲಿರುವ ಪಿಂಗಾಣಿ ಕಪ್ಪು. ಹತ್ತಿ ಕೊಳ್ಳಲು ಹೊರಗಿನಿಂದ ಬರುವ ದೊಡ್ಡ ಪಾರ್ಟಿಗಳಿಗೆ ಮಾತ್ರ ಹೊರಬರುತ್ತಿದ್ದ ಕಪ್ಪು ಅದು. ಬಿಳಿಯ ಮೈ, ಅಂಚಿನಲ್ಲಿ ನೀಲಿ ಗೆರೆ.

ಸಾಹುಕಾರರು ತಲೆದೂಗಿ, ‘ಆಚಾರ್ರ, ಇದು ಮರ್ಯಾದಿ ಅಂದ್ರ’ ಎಂದರು. ನನ್ನ ಕುತ್ತಿಗೆ ಒಂದಿಂಚು ಉದ್ದವಾಯಿತು.

ನಿಯಮಗಳು ಸಿದ್ಧವಾದ ಹೊತ್ತಿಗೇ ಬ್ಯಾಂಕಿನ ಗೆಳೆಯನೊಬ್ಬನಿಗೆ ಗುಂತಕಲ್ಲಿಗೆ ವರ್ಗವಾಗಿ, ನಾವು ಒಂಬತ್ತೇ ಜನ ಉಳಿದೆವು. ಐದಕ್ಕೆ ನಾಲ್ಕು ಆಡಿದರೆ ಗೆದ್ದವರಿಗೂ ಸುಖವಿಲ್ಲ, ಸೋತವರಿಗೂ ಇಲ್ಲ. ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ದಸರೆ ಕಳೆದರೆ ಹೊಸ ಹತ್ತಿಯ ಗಾಡಿಗಳು ಬರತೊಡಗುತ್ತವೆ. ಸಾಹುಕಾರರ ಅಣ್ಣ ಪ್ರತಿ ವರ್ಷ ಆ ಬಯಲಿನ ಮೇಲೆ ಕಣ್ಣು ಹಾಕುತ್ತಿದ್ದರು, ಮೂಟೆ ಒಟ್ಟಲು.

‘ಅಣ್ಣಗ ಏನು ಹೇಳ್ಲಿ?’ ಎಂದರು ಸಾಹುಕಾರರು. ‘ಹತ್ತು ಮಂದಿ ಆಡ್ತಾರ ಅಂದ್ರ ಅದು ಆಟ, ಅಂವ ಸುಮ್ನಿರ್ತಾನ. ಒಂಬತ್ತು ಮಂದಿ ನಿಂತು ಹತ್ತನೇದಾಂವನ ದಾರಿ ಕಾಯ್ತಾರ ಅಂದ್ರ ನಗ್ತಾನ. ಗಾಡಿ ಬರೂದ್ರೊಳಗ ಹತ್ತನೇದಾಂವ ಬಂದ್ರ ಗ್ರೌಂಡು. ಇಲ್ಲಾಂದ್ರ ಹತ್ತಿ ಒಟ್ಟೂದೇ.’

ಆ ಬಯಲು ಹೋದರೆ ನನಗೆ ಸಂಜೆಯೇ ಇರುತ್ತಿರಲಿಲ್ಲ. ಹಗಲೆಲ್ಲ ಕಚೇರಿಯ ಕಡತ, ಆಮೇಲೆ ಮನೆಯಲ್ಲಿ ಅಪ್ಪನ ಪಂಚಾಂಗ. ನಡುವಿನ ಆ ಒಂದೂವರೆ ಗಂಟೆಯಲ್ಲಿ ಮಾತ್ರ ನಾನು ನಾನಾಗಿರುತ್ತಿದ್ದೆ. ಹಾಗಾಗಿ ಹತ್ತನೆಯವನನ್ನು ಹುಡುಕಿ, ಮುನಿಯದಂತೆ ಉಳಿಸಿಕೊಳ್ಳುವುದು ನನಗೆ ಜೀವನ್ಮರಣದ ಪ್ರಶ್ನೆಯಾಯಿತು.

ದಸರೆಗೆ ಹದಿನೈದು ದಿನ ಇರುವಾಗ ಅವರು ಬಂದರು. ಹೈಸ್ಕೂಲಿಗೆ ಹೊಸದಾಗಿ ಬಂದ ಸೈನ್ಸ್ ಮೇಷ್ಟ್ರು. ಮದ್ದಿಕೇರದ ಕಡೆಯ ಹಳ್ಳಿಯವರು, ಮೂವತ್ತರ ಆಸುಪಾಸು, ತೆಳ್ಳಗೆ ಎತ್ತರ. ಕಾಲೇಜು ತಂಡದಲ್ಲಿ ಆಡಿದ್ದಾರೆ, ಎಡಗೈ ಬೇರೆ ಎಂದು ಭಾಯಿ ಸುದ್ದಿ ತಂದಿದ್ದರು. ಎಡಗೈಯವನು ಸಿಕ್ಕರೆ ತಂಡಕ್ಕೆ ಲಾಟರಿ ಹೊಡೆದಂತೆ. ನಾವು ಒಂಬತ್ತೂ ಜನ ಸಾಲಾಗಿ ನಿಂತು ಬರೀ ನಕ್ಕೆವು.

‘ಇಲ್ಲಿ ಆಟ ಆಡ್ತಾರಂತ ಕೇಳಿ ಬಂದೆ’ ಎಂದರು. ಕನ್ನಡ! ನನಗೆ ಉಸಿರು ಬಂತು.

‘ಬರ್ರಿ ಬರ್ರಿ ಮೇಷ್ಟ್ರ, ಬರ್ರಿ’ ಎಂದೆ.

ಭಾಯಿ ಆಗಲೇ ನೆಟ್ಟನ್ನು ಬಿಚ್ಚಿ ಹರವುತ್ತಿದ್ದರು. ಮೇಷ್ಟ್ರು ಬ್ಯಾಟನ್ನು ಮರಕ್ಕೆ ಒರಗಿಸಿ, ಬಗ್ಗಿ ಹಗ್ಗದ ತುದಿಗೆ ಕೈ ಹಾಕಿದರು. ನಾನು ಓಡಿಹೋಗಿ, ‘ಛೆ ಛೆ, ನೀವು ಮುಟ್ಟಬ್ಯಾಡ್ರಿ, ನಾವು ಕಟ್ಟತೀವಿ. ನೀವು ಅಲ್ಲಿ ಕುಂದರ್ರಿ’ ಎಂದೆ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಬೇವಿನ ಮರದ ಕೆಳಗೆ, ನಮ್ಮ ಬಂಡೆಯಿಂದ ಹದಿನೈದು ಹೆಜ್ಜೆ ದೂರ ಹಾಕಿದ್ದ ಕುರ್ಚಿಯಲ್ಲಿ ಕೂತರು. ಮೊದಲ ಆಟ ಅತಿಥಿ ನೋಡಬೇಕು ಎಂಬುದೂ ನನ್ನ ಏರ್ಪಾಡೇ. ಅವರು ನೋಡಿದರು. ಎರಡನೆಯ ಆಟಕ್ಕೆ ಕರೆಯುವಷ್ಟರಲ್ಲಿ ಉಗ್ಗಾಣಿ ಬಂತು, ಚಹಾ ಬಂತು. ನಾನೇ ಬೀರುವಿನಿಂದ ಪಿಂಗಾಣಿ ಕಪ್ಪು ತಂದು, ಎರಡು ಸಲ ಒರೆಸಿ, ಚಹಾ ಬಗ್ಗಿಸಿ, ಅವರ ಕುರ್ಚಿಯ ಪಕ್ಕದ ಕಲ್ಲಿನ ಮೇಲೆ ಇಟ್ಟೆ. ನಾವೆಲ್ಲ ಈಚೆ ಬಂಡೆಯ ಮೇಲೆ ಗ್ಲಾಸು ಹಿಡಿದು ಕೂತೆವು. ಅತಿಥಿಗೆ ಎಷ್ಟು ಮರ್ಯಾದೆ ಮಾಡಿದೆವಪ್ಪಾ ಎಂದು ನನಗೆ ನನ್ನ ಮೇಲೆಯೇ ಪ್ರೀತಿ ಉಕ್ಕುತ್ತಿತ್ತು.

ಮೇಷ್ಟ್ರು ಚಹಾ ಕುಡಿದರು. ಎದ್ದು ನಲ್ಲಿಯ ಹತ್ತಿರ ಹೋಗಿ ಕಪ್ಪನ್ನು ತೊಳೆದರು. ಕಾಂಪೌಂಡು ಗೋಡೆಯ ಮೇಲೆ ಅದನ್ನು ಬೋರಲು ಹಾಕಿದರು. ಉಗ್ಗಾಣಿ ಮುಟ್ಟಿರಲಿಲ್ಲ. ‘ಬರ್ತೀನಿ’ ಎಂದು ಬ್ಯಾಟು ತೆಗೆದುಕೊಂಡು ಹೋದರು.

‘ಎಂಥಾ ಸಂಸ್ಕಾರಸ್ಥ ನೋಡ್ರಿ, ತಾನ ತೊಳದಿಟ್ಟು ಹ್ವಾದ’ ಎಂದರು ಸಾಹುಕಾರರು. ನಾವೆಲ್ಲ ಹೌದು ಹೌದು ಎಂದೆವು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ‘ಊರಿಗೆ ಬಂದಾಕಿ ನೀರಿಗೆ ಬರದಿರ್ತಾಳೇನು? ಬರ್ತಾನ ಬಿಡ್ರಿ’ ಎಂದು ಸಾಹುಕಾರರು ಸಮಾಧಾನ ಹೇಳಿದರು. ವಾರ ಕಳೆಯಿತು. ದಸರೆಯೂ ಕಳೆಯಿತು. ಸಾಹುಕಾರರ ಅಣ್ಣ ಒಂದು ಸಂಜೆ ಬಂದು, ನಮ್ಮ ಅಂಗಳವನ್ನು ಹೆಜ್ಜೆಯಿಂದ ಅಳೆದು ಹೋದರು. ನಾನು ನನ್ನ ನಿಯಮಗಳನ್ನು ಒಂದೊಂದಾಗಿ ನೆನೆದೆ. ಯಾರ ಪೈಕಿ ಎಂದು ಕೇಳಿರಲಿಲ್ಲ. ಭಾಷೆ ತಪ್ಪಿರಲಿಲ್ಲ. ಭಾಯಿ ವಾಹ್ ಅಂದಿರಲಿಲ್ಲ. ಎಲ್ಲಿ ಎಡವಿದೆವು? ಮೇಷ್ಟ್ರಿಗೇ ಸೊಕ್ಕು ಎಂದು ಒಬ್ಬರು ಅಂದರು. ನಾನೂ ಇರಬಹುದು ಎಂದೆ. ಹಾಗೆ ಅಂದದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ತಿಳಿದದ್ದು ನಮ್ಮ ಮನೆಯ ಹಿತ್ತಲಲ್ಲಿ. ಒಂದು ಭಾನುವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ನಿಂತಿದ್ದೆ. ಕಟ್ಟಿಗೆ ಒಡೆಯುವ ಮುದುಕ ಕೆಲಸ ಮುಗಿಸಿ ಕೂತಿದ್ದ. ನಾನು ಹುಟ್ಟುವ ಮೊದಲಿನಿಂದ ನಮ್ಮ ಮನೆಗೆ ಬರುತ್ತಿದ್ದವನು ಅವನು. ಅಮ್ಮ ಹಿತ್ತಲ ಬಾಗಿಲಿಗೆ ಬಂದಳು. ಅವನು ಗೋಡೆಯ ಗೂಡಿನಿಂದ ಕಪ್ಪು ತೆಗೆದು ಹಿಡಿದ. ಅಮ್ಮ ಮೇಲಿನಿಂದ ಕಾಫಿ ಹೊಯ್ದಳು. ಅವನು ಕುಡಿದ. ಹಂಡೆಯ ಪಕ್ಕದಲ್ಲಿ ಕಪ್ಪು ತೊಳೆದ. ಗೂಡಿನಲ್ಲಿ ಬೋರಲು ಹಾಕಿದ. ‘ಬರ್ತೀನ್ರಿ ಅಮ್ಮಾರ’ ಎಂದು ಹೋದ.

ಪಿಂಗಾಣಿ ಕಪ್ಪು. ಒಳಗಿನವರಿಗೆ ಹಿತ್ತಾಳೆಯ ಲೋಟ, ಹೊರಗಿನವರಿಗೆ ಅದು. ಸಾವಿರ ಸಲ ನೋಡಿದ್ದೆ, ಆದರೂ ಒಂದು ಸಲವೂ ನೋಡಿರಲಿಲ್ಲ. ಬಾಯಲ್ಲಿದ್ದ ಹಲ್ಲುಪುಡಿ ನುಂಗಿದೆನೋ ಉಗುಳಿದೆನೋ ನೆನಪಿಲ್ಲ. ದೂರದ ಕುರ್ಚಿ, ಬೇರೆ ಕಪ್ಪು, ಕೈಗೆ ಕೊಡದೆ ಕಲ್ಲಿನ ಮೇಲಿಟ್ಟ ಚಹಾ, ಮತ್ತೆ ನನ್ನ ಬಾಯಿಂದಲೇ ಬಂದ ಆ ‘ಮುಟ್ಟಬ್ಯಾಡ್ರಿ’. ಎಲ್ಲ ಒಟ್ಟಿಗೇ ಎದೆಗೆ ಬಂದು ಬಡಿಯಿತು.

ಸೋಮವಾರ ಶಾಲೆ ಬಿಡುವ ಹೊತ್ತಿಗೆ ಹೈಸ್ಕೂಲಿಗೆ ಹೋದೆ. ಮೇಷ್ಟ್ರು ಖಾಲಿ ಕ್ಲಾಸಿನಲ್ಲಿ ಒಬ್ಬರೇ ಬೋರ್ಡು ಒರೆಸುತ್ತಿದ್ದರು. ಬಾಗಿಲಲ್ಲೇ ನಿಂತೆ. ಹೊಸಬರನ್ನು ಮಾತಾಡಿಸಲು ನಿಯಮ ಕಟ್ಟಿದ್ದ ಮಹಾಶಯ ನಾನು, ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದೆ.

‘ಮೇಷ್ಟ್ರ, ನಮ್ಮ ಕಡಿಂದ ತಪ್ಪಾಗೇತಿ’ ಎಂದೆ ಕೊನೆಗೆ.

‘ಏನು ತಪ್ಪು?’ ಅವರು ತಿರುಗಲಿಲ್ಲ.

‘ಕುರ್ಚಿದು. ಕಪ್ಪಿಂದು.’

ಆಗ ತಿರುಗಿದರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ದನದ ಡಾಕ್ಟರು, ಭಾಯಿಯ ವಾಹ್, ದೊಡ್ಡ ಪಾರ್ಟಿಗಳಿಗೆ ಇಟ್ಟ ಕಪ್ಪು, ಸಾಹುಕಾರರ ತಂದೆಯ ಕುರ್ಚಿ. ‘ನೀವು ಯಾರು ಅಂತ ನಮಗ ಗೊತ್ತಿರಲಿಲ್ಲ, ಕೇಳನೂ ಇಲ್ಲ. ಬಂದವ್ರು ಯಾರಾದ್ರೂ ಹಂಗ ಮಾಡ್ತಿದ್ವಿ’ ಎಂದೆ.

ಅವರು ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಂಡು ಮೊದಲ ಬೆಂಚಿನ ಮೇಲೆ ಕೂತರು. ‘ನಾನು ಊರ ಹೊರಗಿನ ಕೇರಿಯಾಂವ’ ಎಂದರು. ‘ನೀವು ಕೇಳಲಿಲ್ಲ, ಆದ್ರ ಯಾರೋ ಹೇಳ್ಯಾರ ಅಂದ್ಕೊಂಡೆ. ನಾನು ಹ್ವಾದ ಊರಾಗೆಲ್ಲ ನನಗಿಂತ ಮೊದಲ ನನ್ನ ಸುದ್ದಿ ಹೋಗಿರ್ತೈತಿ. ಸಣ್ಣಾಂವಿದ್ದಾಗಿಂದ ಆಡಾಕತ್ತೀನಿ. ಹೊಸ ಗ್ರೌಂಡಿಗೆ ಹ್ವಾದ್ರ ನಾನು ನೋಡೂದು ಒಂದ. ನೆಟ್ಟು ಕಟ್ಟಾಕ ಕರೀತಾರೋ ಇಲ್ಲೋ. ಕರದ್ರ ಆಡ್ತೀನಿ, ಇಲ್ಲಾಂದ್ರ ಇಲ್ಲ. ನೀವು ಮೊದಲನೇ ಮಾತಿಗೇ ಮುಟ್ಟಬ್ಯಾಡ್ರಿ ಅಂದ್ರಿ.’

‘ಅದು ಮರ್ಯಾದಿಗೆ ಅಂದಿದ್ರಿ.’

‘ನಂಬ್ತೀನಿ’ ಎಂದರು. ‘ಒಂದು ಮಾತು ಕೇಳ್ಲಾ? ಸಾವ್ಕಾರ್ರ ಬೀರುದಾಗಿನ ಕಪ್ಪು ಮರ್ಯಾದಿದು. ಆತು. ನಾಳೆ ನಾನು ನಿಮ್ಮ ಮನಿಗೆ ಬಂದ್ರ ಯಾವ ಕಪ್ಪು ಕೊಡ್ತೀರಿ?’ ಎಂದರು.

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಹಿತ್ತಲ ಗೂಡು ಕಣ್ಣ ಮುಂದೆ ನಿಂತಿತ್ತು.

‘ನಮ್ಮನ್ಯಾಗೂ ಒಂದು ಕಪ್ಪು ಐತ್ರಿ. ಪಿಂಗಾಣಿದು. ಗೂಡಿನಾಗ’ ಎಂದೆ.

ಮೇಷ್ಟ್ರು ನಕ್ಕರು. ಜೋರಾಗಿಯೇ ನಕ್ಕರು. ‘ಇರ್ತೈತಿ. ಎಲ್ಲಾ ಊರಿನವ್ರೂ ಒಂದ ಅಂಗಡ್ಯಾಗ ತಂದಿರ್ತಾರ’ ಎಂದರು. ಆ ನಗುವಿನಲ್ಲಿ ನಾನೂ ಸೇರಬಹುದೇ ಎಂದು ತಿಳಿಯಲಿಲ್ಲ.

‘ನಾಳೆ ಬರ್ತೀರಿ?’ ಎಂದು ಕೇಳಿದೆ.

‘ನೋಡೂಣು’ ಎಂದರು.

ಬಯಲಿಗೆ ಬಂದು ಸಾಹುಕಾರರಿಗೆ ಹೇಳಿದೆ. ಅವರು ಬೆಳ್ಳಿಯ ಕರಡಿಗೆ ಹಿಡಿದುಕೊಂಡು ಬಂಡೆಯ ಮೇಲೆ ಕೂತರು. ಬೈಯಲಿಲ್ಲ. ‘ಗಣಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡೀವಲ್ರಿ ಆಚಾರ್ರ’ ಎಂದಷ್ಟೇ ಅಂದರು. ‘ನಾಡದು ಅಣ್ಣನ ಗಾಡಿ ಬರ್ತಾವ.’

ಮರುದಿನ ನಾವು ಒಂಬತ್ತು ಜನ ಎಂದಿಗಿಂತ ಬೇಗ ಬಂದೆವು. ಗರಸಿಗೆ ನೀರು ಚಿಮುಕಿಸಿದೆವು, ಗೆರೆ ಎಳೆದೆವು. ನೆಟ್ಟು ಮಾತ್ರ ಕಟ್ಟಲಿಲ್ಲ. ನಾನು ಕಟ್ಟಗೊಡಲಿಲ್ಲ. ಐದೂವರೆಯಾಯಿತು, ಐದೂಮುಕ್ಕಾಲಾಯಿತು. ಸಾಹುಕಾರರು ಗೇಟಿನ ಕಡೆ ನೋಡುತ್ತ, ಆಮೇಲೆ ನೆಲ ನೋಡುತ್ತ ಶತಪಥ ತಿರುಗಿದರು. ಬಿಸಿಲು ಬೇವಿನ ಮರದಿಂದ ಇಳಿಯುತ್ತಿದ್ದಾಗ ಗೇಟು ಕಿರುಗುಟ್ಟಿತು. ಮೇಷ್ಟ್ರು ಬಗಲಲ್ಲಿ ಬ್ಯಾಟು ಇಟ್ಟುಕೊಂಡು ಬರುತ್ತಿದ್ದರು.

ಭಾಯಿ ಅಭ್ಯಾಸಬಲದಿಂದ ಕುರ್ಚಿಯ ಕಡೆ ಓಡಿದರು. ‘ಭಾಯಿ, ಕುರ್ಚಿ ಬ್ಯಾಡ!’ ಎಂದು ನಾನು ಚೀರಿದ ರಭಸಕ್ಕೆ ಅವರು ಅಲ್ಲೇ ಕಲ್ಲಾದರು. ನಮಸ್ಕಾರ, ಬರ್ರಿ ಎಲ್ಲ ಬಿಟ್ಟೆ. ನೆಲದ ಮೇಲಿದ್ದ ನೆಟ್ಟಿನ ಹಗ್ಗದ ತುದಿ ಎತ್ತಿ ಅವರ ಕಡೆ ಚಾಚಿದೆ.

‘ಮೇಷ್ಟ್ರ, ಆ ಕಡೆ ಹಿಡೀರಿ’ ಎಂದೆ.

ಅವರು ಹಿಡಿದರು. ಆ ಕಡೆಯ ಕಂಬಕ್ಕೆ ಸುತ್ತು ಹಾಕಿ ಒಂದು ಸಲ ಜಗ್ಗಿದರೆ ಈ ಕಡೆ ನಾನು ಎರಡು ಹೆಜ್ಜೆ ಮುಂದೆ ಹೋದೆ.

‘ಇಷ್ಟು ದಿನ ಯಾರು ಕಟ್ಟತಿದ್ರು ಇದನ್ನ?’

‘ನಾನ ರೀ.’

‘ಕಾಣ್ತೈತಿ’ ಎಂದರು. ಉಳಿದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ಈ ಸಲ ಯಾರನ್ನೂ ಕೇಳದೆ.

ಅವರ ಎಡಗೈ ಹೊಡೆತಗಳ ಬಗ್ಗೆ ಬರೆಯಲು ಹೋದರೆ ಇನ್ನೊಂದು ಪುಸ್ತಕ ಬೇಕು. ಚೆಂಡು ಎಲ್ಲಿಂದ ಬರುತ್ತದೆ ಎಂದು ಕಾಯುತ್ತಿದ್ದೆವೋ ಅದರ ಇನ್ನೊಂದು ಮಗ್ಗುಲಿನಿಂದ ಬರುತ್ತಿತ್ತು. ಸಾಹುಕಾರರ ಹೊಟ್ಟೆಗೆ ಎರಡು ಸಲ ಬಿತ್ತು. ಅವರು ಅಂಥ ಸಂತೋಷದಲ್ಲಿ ಇದ್ದುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಭಾಯಿ ತಡೆಯಲಾರದೆ ‘ವಾಹ್ ಉಸ್ತಾದ್!’ ಎಂದು ಕೂಗಿ ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ಅವರ ಕಡೆ ನೋಡಿ ಸಲಾಮು ಹೊಡೆದರು.

ಕೊನೆಯ ಚೆಂಡನ್ನು ನಾನೇ ನೆಟ್ಟಿಗೆ ಹೊಡೆದೆ, ಹೀಗಾಗಿ ಚಹಾ ತರುವ ಪಾಳಿ ನನ್ನದು. ಹೋಟೆಲಿನವನು ರೂಢಿಯಂತೆ ಒಂಬತ್ತೇ ಗ್ಲಾಸು ತುಂಬಿಟ್ಟಿದ್ದ. ಚಹಾ ಕೆಟಲಿನಲ್ಲಿ ಬೇಕಾದಷ್ಟಿತ್ತು, ಗ್ಲಾಸು ಒಂದು ಕಡಿಮೆ. ಕೆಟಲನ್ನೂ ಹಿಡಿದುಕೊಂಡು ಬಂದೆ. ಎಲ್ಲರೂ ಬಂಡೆಯ ಮೇಲೆ ಒತ್ತೊತ್ತಾಗಿ ಕೂತಿದ್ದರು, ಮೇಷ್ಟ್ರು ಸಾಹುಕಾರರಿಗೂ ಭಾಯಿಗೂ ನಡುವೆ. ಎಲ್ಲರ ಕೈಗೂ ಗ್ಲಾಸು ಕೊಟ್ಟೆ. ಆಮೇಲೆ ಕಚೇರಿಗೆ ಹೋಗಿ ಬೀರುವಿನಿಂದ ಪಿಂಗಾಣಿ ಕಪ್ಪು ತಂದು ನನಗೆ ಬಗ್ಗಿಸಿಕೊಂಡೆ.

ಮೇಷ್ಟ್ರು ಕಪ್ಪನ್ನೂ ನನ್ನನ್ನೂ ನೋಡಿದರು. ‘ಆಚಾರ್ರ, ಕುಡದ ಮ್ಯಾಲ ತೊಳದು ಗ್ವಾಡಿ ಮ್ಯಾಲ ಬೋರಲ ಹಾಕ್ರಿ’ ಎಂದರು, ಮುಖದ ಒಂದು ಗೆರೆಯೂ ಅಲುಗದೆ.

ಎಲ್ಲರೂ ನಕ್ಕರು. ನಾನು ಕುಡಿದು, ಎದ್ದು, ತೊಳೆದು, ಬೋರಲು ಹಾಕಿದೆ. ಬಂಡೆಯಿಂದ ನಲ್ಲಿಗೆ ಇಪ್ಪತ್ತು ಹೆಜ್ಜೆ ಇರಬೇಕು. ಒಂಬತ್ತು ಜನ ತಮಾಷೆಗೆ ನೋಡುತ್ತಿದ್ದಾರೆ ಎಂದು ಗೊತ್ತಿದ್ದೂ ಆ ಇಪ್ಪತ್ತು ಹೆಜ್ಜೆ ನನಗೆ ಹಗುರವಾಗಲಿಲ್ಲ. ತಮಾಷೆಯಿಲ್ಲದೆ, ದಿನವೂ, ಹುಟ್ಟಿದಾಗಿನಿಂದ ನಡೆಯುವವರ ಗತಿ ಏನು ಎಂದು ಆಗ ಮೊದಲ ಬಾರಿ ಯೋಚಿಸಿದೆ.

ಹತ್ತಿಯ ಗಾಡಿಗಳು ಬಂದವು, ಪಕ್ಕದ ಶೆಡ್ಡಿನ ಕಡೆ ತಿರುಗಿದವು. ಬಯಲು ಉಳಿಯಿತು. ನನ್ನ ನಿಯಮಗಳೆಲ್ಲ ಗಾಳಿಗೆ ಹೋದವು. ಆಮೇಲೆ ಯಾರೇ ಹೊಸಬರು ಬರಲಿ, ಕನ್ನಡದವರಿರಲಿ ತೆಲುಗಿನವರಿರಲಿ, ನಮ್ಮ ಸ್ವಾಗತ ಒಂದೇ ಆಯಿತು. ಹಗ್ಗದ ತುದಿ ಅವರ ಕಡೆ ಚಾಚುವುದು. ಯಾರೂ ಮುನಿಸಿಕೊಂಡು ಹೋಗಲಿಲ್ಲ. ದನದ ಡಾಕ್ಟರೂ ಒಂದು ದಿನ ತಿರುಗಿ ಬಂದರು.

ಮೇಷ್ಟ್ರು ನಾಲ್ಕು ವರ್ಷ ಆದವಾನಿಯಲ್ಲಿದ್ದರು. ನಾಲ್ಕು ವರ್ಷ ಸಂಜೆಯಾದರೆ ಈ ಕಡೆ ನಾನು, ಆ ಕಡೆ ಅವರು ನೆಟ್ಟು ಕಟ್ಟಿದೆವು. ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ನನಗೂ ಚೆಂದ, ಓದುವವರಿಗೂ ಚೆಂದ. ಆದರೆ ಆ ನಾಲ್ಕು ವರ್ಷದಲ್ಲಿ ನಾನು ಅವರನ್ನು ಒಂದು ದಿನವೂ ಮನೆಗೆ ಕರೆಯಲಿಲ್ಲ. ಅಮ್ಮನಿಗೆ ಹೆದರಿದೆ, ಅಪ್ಪನಿಗೆ ಹೆದರಿದೆ, ಗೂಡಿನಲ್ಲಿದ್ದ ಒಂದು ಕಪ್ಪಿಗೆ ಹೆದರಿದೆ. ಅವರೂ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲಿಲ್ಲ.

ಅವರಿಗೆ ಪತ್ತಿಕೊಂಡಕ್ಕೆ ವರ್ಗವಾದಾಗ, ಹೊರಡುವ ಹಿಂದಿನ ದಿನ, ‘ಮನಿಗೆ ಬಂದು ಹೋಗ್ರಿ’ ಎಂದು ಅವರೇ ನನ್ನನ್ನು ಕರೆದರು. ಹೋದೆ. ಸಾಮಾನೆಲ್ಲ ಗೋಣಿಯಲ್ಲಿ ಕಟ್ಟಿಟ್ಟಿದ್ದರು. ಪಾತ್ರೆ ಪಗಡ ಕಟ್ಟಿದ್ದ ಗಂಟನ್ನು ಮತ್ತೆ ಬಿಚ್ಚಿ ಅವರ ಹೆಂಡತಿ ಎರಡು ಸ್ಟೀಲು ಲೋಟ ತೆಗೆದರು, ಎರಡೂ ಒಂದೇ ತರದವು. ಒಂದನ್ನು ಮೇಷ್ಟ್ರಿಗೆ, ಒಂದನ್ನು ನನ್ನ ಕೈಗೆ ಕೊಟ್ಟರು. ಚಹಾ ಸಕ್ಕರೆ ಮುಂದಾಗಿ ಚೆನ್ನಾಗಿತ್ತು. ಕುಡಿದು ಮುಗಿಸಿ, ನಾನು ಲೋಟ ಹಿಡಿದು ಎದ್ದೆ. ಬಚ್ಚಲು ಎಲ್ಲಿದೆ ಎಂದು ನೋಡಿದೆ. ಯಾಕೆ ಎದ್ದೆನೋ, ಸಾಲ ತೀರಿಸುವವನ ಹಾಗೆ ಎದ್ದಿದ್ದೆ.

ಅವರ ಹೆಂಡತಿ ಗಾಬರಿಯಾಗಿ ಅಡ್ಡ ಬಂದರು.

‘ಅಯ್ಯ, ಇಡ್ರಿ ಅಣ್ಣಾರ, ಅಲ್ಲೇ ಇಡ್ರಿ’ ಎಂದರು. ‘ನಮ್ಮನಿಗೆ ಬಂದವ್ರ ಕೈಲೆ ನಾವು ಲೋಟ ತೊಳಸಂಗಿಲ್ಲ.’

ಮೇಷ್ಟ್ರು ಬಿಚ್ಚಿದ್ದ ಗೋಣಿಯ ಗಂಟಿಗೆ ಮತ್ತೆ ಹಗ್ಗ ಸುತ್ತತೊಡಗಿದರು. ನಾನು ಲೋಟವನ್ನು ಅಲ್ಲೇ ಇಟ್ಟು, ಹಗ್ಗದ ಆ ಕಡೆ ಹಿಡಿದುಕೊಂಡೆ.